ಬೇರು, ಬೂಷ್ಟು, ಬ್ಯಾಕ್ಟೀರಿಯಾ: ಲೊರೇನ್‌ನಿಂದ ಟ್ಯೂಬಿಂಗೆನ್‌ವರೆಗೆ

ಸೋಮವಾರ, ನಾನ್ಸಿ

ಫ್ರಾನ್ಸಿನ ಲೊರೇನ್ ಸೀಮೆಯ ನಾನ್ಸಿಗೆ ಬಂದವರೆಲ್ಲ ಮೊದಲು ಹೋಗುವುದು ಸ್ಟಾನಿಸ್ಲಾಸ್ ಚೌಕಕ್ಕೆ. 18ನೆಯ ಶತಮಾನದ ನಡುವಿನಲ್ಲಿ ಕಟ್ಟಿದ, ಚಿನ್ನದ ಲೇಪದ ಕಬ್ಬಿಣದ ಬಾಗಿಲುಗಳುಳ್ಳ ಆ ಚೌಕ 1983ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಚೆಲುವಾದ ಜಾಗ. ಆದರೆ ಕಾಡುಮರಗಳ ಸಸಿ ಬೆಳೆಸುವುದನ್ನೇ ಕಸುಬು ಮಾಡಿಕೊಂಡ ನನಗೆ ಈ ಊರಿನ ಹೆಸರು ಪರಿಚಯವಾದದ್ದು ಬೇರೆ ದಾರಿಯಿಂದ. 1824ರಲ್ಲಿ ಇಲ್ಲಿ ಅರಣ್ಯ ಶಾಲೆ ಶುರುವಾಯಿತು. ಡೀಟ್ರಿಚ್ ಬ್ರಾಂಡಿಸ್ 1864ರಲ್ಲಿ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥನಾದ ಮೇಲೆ, 1867ರಿಂದ ಸುಮಾರು ಎರಡು ದಶಕಗಳ ಕಾಲ, ನಮ್ಮ ಕಾಡುಗಳನ್ನು ನೋಡಿಕೊಳ್ಳಬೇಕಿದ್ದ ತರುಣ ಅಧಿಕಾರಿಗಳು ಇಲ್ಲಿಯೇ ಪಾಠ ಕಲಿತು ಹಡಗು ಹತ್ತಿದರು. ಮಲೆನಾಡಿನ ಕಾಡನ್ನು ಮರಗಳ ಲೆಕ್ಕದಲ್ಲಿ ನೋಡುವ ಕಣ್ಣಿಗೆ ಒಂದು ಪಾಲು ತರಬೇತಿ ಈ ಊರಿನಲ್ಲಾಗಿದೆ.

ಅದೇ ಊರಿನ ಪಕ್ಕದಲ್ಲಿ, ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಮರದ ಬುಡದ ಅಣಬೆಯೊಳಗಿನ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಬ್ಯಾಕ್ಟೀರಿಯಾದ ಕೆಲಸ ಬೆಳಕಿಗೆ ಬಂತು. ನಾನು ಇಷ್ಟು ದೂರ ಬಂದದ್ದು ಅದರ ಕಥೆಗಾಗಿ. ತಂಗಿಯ ಮಗಳು ಇಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ನನ್ನ ನರ್ಸರಿಯಲ್ಲಿ ಸಾಲುಧೂಪ ಎಂಬ ಕಾಡುಮರದ ಸಸಿಗಳು ಪಾಲಿಥೀನ್ ಚೀಲದಲ್ಲಿ ಮೊಳಕೆಯೊಡೆದು, ನಾಲ್ಕೆಲೆ ಬಿಟ್ಟು, ಅಲ್ಲಿಗೇ ನಿಂತುಬಿಡುತ್ತವೆ. ತಾಯಿಮರದ ಬುಡದ ಮಣ್ಣು ಬೆರೆಸಿದರೆ ಮಾತ್ರ ಮೇಲೇಳುತ್ತವೆ. ಇದನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಮಣ್ಣಿನಲ್ಲಿರುವ ಶಿಲೀಂಧ್ರವೇ ಕಾರಣ ಎಂದು ಓದಿದ್ದೆ. ಫೋನಿನಲ್ಲಿ ಅವಳು ಹೇಳಿದ್ದಳು: “ದೊಡ್ಡಮ್ಮ, ಶಿಲೀಂಧ್ರ ಅರ್ಧ ಉತ್ತರ ಮಾತ್ರ. ಅಕ್ಟೋಬರಿನಲ್ಲಿ ಬಾ, ಅಣಬೆ ಏಳುವ ಕಾಲ. ಉಳಿದರ್ಧವನ್ನು ತೋರಿಸುತ್ತೇನೆ.”

ಸಂಜೆ ಅವಳ ಮನೆಯಲ್ಲಿ ಅನ್ನ, ತಿಳಿಸಾರು. ಬೇಗ ಮಲಗಿದೆವು.

ಮಂಗಳವಾರ, ಶಾಂಪನು

ನಾನ್ಸಿಯಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಶಾಂಪನು ಎಂಬ ಸಣ್ಣ ಊರು. ಪಕ್ಕದಲ್ಲಿಯೇ ಅಮಾನ್ಸ್ ಕಾಡು, ಅದರ ಮಗ್ಗುಲಲ್ಲಿ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಅರಣ್ಯ ಕೇಂದ್ರ, ಅದಕ್ಕೆ ಸೇರಿದ ಹಳೆಯ ವೃಕ್ಷೋದ್ಯಾನ. ಓಕ್, ಬೀಚ್, ಹಾರ್ನ್‌ಬೀಮ್ ಮರಗಳ ಎಲೆಗಳು ಹಳದಿಗೆ ತಿರುಗಿದ್ದವು. ರಾತ್ರಿ ಮಳೆ ಬಿದ್ದು ದರಗೆಲೆ ಮೆತ್ತಗಾಗಿತ್ತು.

ನೂರು ಹೆಜ್ಜೆ ಇಡುವುದರೊಳಗೆ ಅಣಬೆಗಳು. ಬೀಚ್ ಮರದ ಬುಡದಲ್ಲಿ ಪೂರಾ ನೇರಳೆ ಬಣ್ಣದ ಪುಟ್ಟ ಲಕೇರಿಯಾ ಅಮೆಥಿಸ್ಟಿನಾ. ಡಗ್ಲಸ್ ಫರ್ ಮರಗಳ ಕೆಳಗೆ ಅದರ ದಾಯಾದಿ ಲಕೇರಿಯಾ ಬೈಕಲರ್. ಎರಡನೆಯದನ್ನು ಮಂಡಿಯೂರಿ ನೋಡಿದೆ. ಕಂದುಗೆಂಪು ಟೋಪಿ, ತೆಳುಗುಲಾಬಿ ಕಿವಿರು, ನಾರುನಾರಾದ ಕಾಂಡ. ಬುಡದ ದರಗನ್ನು ಸರಿಸಿದರೆ ಕಾಂಡದ ತುದಿಯಲ್ಲಿ ತಿಳಿನೇರಳೆ ಬೂಷ್ಟು, ಮಣ್ಣಿನೊಳಕ್ಕೆ ಇಳಿಯುತ್ತಿದೆ. ಅಣಬೆ ಎಂದು ನಾವು ಕರೆಯುವುದು ಕೆಲವು ದಿನ ಮೇಲೆ ಬಂದು ಹೋಗುವ ಫಲ. ಗಿಡ ಎಂದು ಕರೆಯಬೇಕಾದದ್ದು ಆ ಬೂಷ್ಟು.

ಮಗಳಷ್ಟೇ ಸಲಿಗೆಯ ಈ ಹುಡುಗಿ ಚಾಕುವಿನಿಂದ ಒಂದು ಹಿಡಿ ಮಣ್ಣನ್ನು ಬೇರುಸಮೇತ ಎತ್ತಿ, ನೀರಿನ ತಟ್ಟೆಯಲ್ಲಿ ಅದ್ದಿ, ಮಸೂರ ಕೊಟ್ಟಳು. ಸಾಮಾನ್ಯವಾಗಿ ಬೇರಿನ ತುದಿಯ ಹಿಂದೆ ನವಿರಾದ ಬೇರುಕೂದಲು ಇರುತ್ತದೆ. ಇಲ್ಲಿ ಒಂದೂ ಇಲ್ಲ. ತುದಿಗಳೆಲ್ಲ ಗಿಡ್ಡ, ದಪ್ಪ, ಮೊಂಡು. ಕೆಲವು ಕೆನೆಬಣ್ಣ, ಕೆಲವು ಕಂದು. ನಡುವೆ ಕೆಲವು ಇದ್ದಿಲಿನಷ್ಟು ಕಪ್ಪು, ಸುತ್ತಲೂ ಸೆಟೆದ ಕಪ್ಪು ಎಳೆಗಳು. ಕಪ್ಪಗಿನವು ಸಿನೊಕಾಕಮ್ ಎಂಬ ಶಿಲೀಂಧ್ರದವು, ಬರಗಾಲವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ ಎಂದಳು. ಶಿಲೀಂಧ್ರ ಬೇರುತುದಿಗೆ ಪೂರಾ ಹೊದಿಕೆ ಹಾಕಿದೆ. ಒಳಗೆ ಬೇರಿನ ಹೊರಪದರದ ಕೋಶಗಳ ಸಂದಿಗೊಂದಿಗಳಲ್ಲಿ ನುಗ್ಗಿ ಹಾರ್ಟಿಗ್ ಜಾಲ ಎಂಬ ಬಲೆ ಹೆಣೆದಿದೆ. ಮರ ಸಕ್ಕರೆ ಕೊಡುವುದು, ಶಿಲೀಂಧ್ರ ಸಾರಜನಕ, ರಂಜಕ, ನೀರು ಕೊಡುವುದು, ಎಲ್ಲವೂ ಆ ಬಲೆಯಲ್ಲೇ. 1885ರಲ್ಲಿ ಬರ್ಲಿನ್ನಿನ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಈ ಜೋಡಿಗೆ ಮೈಕೊರೈಜಾ ಎಂದು ಹೆಸರಿಟ್ಟ. ಪ್ರಷ್ಯಾದಲ್ಲಿ ಟ್ರಫಲ್ ಬೆಳೆಯಲು ಸಾಧ್ಯವೇ ನೋಡು ಎಂದು ಸರ್ಕಾರ ಅವನಿಗೆ ಕೆಲಸ ಒಪ್ಪಿಸಿತ್ತು. ಟ್ರಫಲ್ ಕೈಗೆ ಬರಲಿಲ್ಲ, ಇದು ಬಂತು.

ನಮ್ಮ ಮಾವು, ಹಲಸು, ತೇಗದ ಬೇರುಗಳಲ್ಲಿ ಇರುವುದು ಇನ್ನೊಂದು ಬಗೆ. ಅಲ್ಲಿ ಶಿಲೀಂಧ್ರ ಕೋಶದ ಒಳಕ್ಕೇ ಹೋಗುತ್ತದೆ, ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಕೆಲಸ ಮಾಡಿದ್ದು ಆ ಬಗೆಯ ಮೇಲೆ. ಹೊದಿಕೆಯ ಬಗೆ ನಮ್ಮಲ್ಲಿ ಹೆಚ್ಚಾಗಿ ಇರುವುದು ಸಾಲುಧೂಪ, ಬೋಗಿಯಂಥ ಧೂಪದ ಬಳಗದ ಮರಗಳಲ್ಲಿ. ಕೊಡಗಿನ ಉಪ್ಪಂಗಳದ ಕಾಡಿನಲ್ಲಿ ಕೆ. ನಟರಾಜನ್ ಮತ್ತು ಸಂಗಡಿಗರು ಆ ಮರಗಳ ಕೆಳಗಿನ ಅಣಬೆಗಳನ್ನು ಪಟ್ಟಿ ಮಾಡಿ 2005ರಲ್ಲಿ ಪ್ರಕಟಿಸಿದ್ದಾರೆ. ಅಮಾನ್ಸ್ ಕಾಡಿನಲ್ಲಿ ಕುಳಿತು ಆ ಮಾತು ಆಡಿಕೊಂಡಾಗ, ನಮ್ಮ ಕಾಡಿನ ನಿಜವಾದ ಸಂಪತ್ತನ್ನು ನಾವು ಇನ್ನೂ ಬಗ್ಗಿ ನೋಡಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಬುಧವಾರ, ಪ್ರಯೋಗಾಲಯ

ಇಡೀ ದಿನ ಒಳಗೆ. ಹೊರಗೆ ಸುರಿಯುವ ಮಳೆ. ಈ ಪ್ರವಾಸದಲ್ಲಿ ನಾನು ಹೆಚ್ಚು ಕಲಿತದ್ದು ಇಂದೇ.

ಡಗ್ಲಸ್ ಫರ್ ಯುರೋಪಿನ ಮರವಲ್ಲ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಿಂದ 19ನೆಯ ಶತಮಾನದ ಆರಂಭದಲ್ಲಿ ಬಂದದ್ದು. ಫ್ರಾನ್ಸಿನಲ್ಲಿ ಇದನ್ನು ಅಪಾರವಾಗಿ ನೆಟ್ಟಿದ್ದಾರೆ. ನರ್ಸರಿಯಲ್ಲಿಯೇ ಬೇರಿಗೆ ಒಳ್ಳೆಯ ಶಿಲೀಂಧ್ರ ಹಿಡಿಸಿದರೆ ನೆಟ್ಟ ಮೇಲೆ ಮರ ಚೆನ್ನಾಗಿ ಬೆಳೆಯುತ್ತದೆ ಎಂದು ಇಲ್ಲಿನವರು ಕಂಡುಕೊಂಡರು. ಆರಿಸಿದ ತಳಿ ಅಮೆರಿಕದ ಒರೆಗಾನ್ ರಾಜ್ಯದ ಕ್ರೇಟರ್ ಲೇಕ್ ಬಳಿಯಿಂದ ಬಂದ ಲಕೇರಿಯಾ ಬೈಕಲರ್. ಆದರೆ ಒಂದೇ ಶಿಲೀಂಧ್ರ, ಒಂದೇ ಬೀಜ, ಫಲ ಮಾತ್ರ ಪ್ರತಿ ಸಲವೂ ಬೇರೆ. ಒಂದು ಕಡೆ ಬೇರಿಗೆಲ್ಲ ಶಿಲೀಂಧ್ರ ಹಿಡಿಯುವುದು, ಇನ್ನೊಂದು ಕಡೆ ಅರೆಬರೆ. ನರ್ಸರಿ ನಡೆಸುವವರಿಗೆ ಈ ಸಂಕಟ ಗೊತ್ತು.

ಇಲ್ಲಿನ ಸಂಶೋಧಕ ಜಾನ್ ಗಾರ್ಬೇ ಮತ್ತು ಸಂಗಡಿಗರು ಕೇಳಿಕೊಂಡದ್ದು ಇಷ್ಟು: ಬೇರಿಗೂ ಶಿಲೀಂಧ್ರಕ್ಕೂ ನಡುವೆ ಮೂರನೆಯವರು ಯಾರಾದರೂ ಇದ್ದಾರೆಯೇ? ಲಕೇರಿಯಾದ ಅಣಬೆಯೊಳಗಿನಿಂದಲೇ, ಬೇರಿನ ಹೊದಿಕೆಯಿಂದಲೇ ಬ್ಯಾಕ್ಟೀರಿಯಾಗಳನ್ನು ತೆಗೆದು, ಒಂದೊಂದನ್ನೂ ಮತ್ತೆ ಸಸಿಯ ಮಣ್ಣಿಗೆ ಹಾಕಿ ನೋಡಿದರು. ಕೆಲವು ಏನೂ ಮಾಡಲಿಲ್ಲ. ಕೆಲವು ಅಡ್ಡಿ ಮಾಡಿದವು. ಇನ್ನು ಕೆಲವು ಇದ್ದಾಗ ಬೇರುತುದಿಗಳಿಗೆ ಶಿಲೀಂಧ್ರ ಹಿಡಿಯುವುದು ಎದ್ದು ಕಾಣುವಷ್ಟು ಹೆಚ್ಚಿತು. ಅವನ್ನು ಮೈಕೊರೈಜಾಕ್ಕೆ ನೆರವಾಗುವ ಬ್ಯಾಕ್ಟೀರಿಯಾ ಎಂದು ಕರೆದರು. ಗಾರ್ಬೇ 1994ರಲ್ಲಿ ಬರೆದ ದೀರ್ಘ ಲೇಖನ ಈ ಕ್ಷೇತ್ರಕ್ಕೆ ಅಡಿಪಾಯ. ನೆರವು ಎಲ್ಲಿ ಸಿಗುತ್ತಿರಬಹುದು ಎಂದು ಅದರಲ್ಲಿ ಅವರು ಐದು ದಾರಿ ಊಹಿಸಿದ್ದರು: ಬೇರನ್ನು ಒಪ್ಪುವಂತೆ ಮಾಡುವುದು, ಬೇರು ಮತ್ತು ಶಿಲೀಂಧ್ರ ಪರಸ್ಪರ ಗುರುತಿಸುವುದು, ಶಿಲೀಂಧ್ರದ ಬೆಳವಣಿಗೆ, ಸುತ್ತಲಿನ ಮಣ್ಣಿನ ಗುಣ, ಬೀಜಕಗಳು ಮೊಳೆಯುವುದು.

ಆ ಬ್ಯಾಕ್ಟೀರಿಯಾಗಳಲ್ಲಿ ಹೆಸರಾದದ್ದು ಸ್ಯೂಡೊಮೊನಾಸ್ ಫ್ಲೋರೆಸೆನ್ಸ್‌ನ ಬಿಬಿಸಿ6 ಎಂಬ ತಳಿ. ಸ್ಯೂಡೊಮೊನಾಸ್ ಬೆಳೆದ ಒಂದು ತಟ್ಟೆಯನ್ನು ಹುಡುಗಿ ಕತ್ತಲ ಕೋಣೆಯಲ್ಲಿ ಅತಿನೇರಳೆ ದೀಪದ ಕೆಳಗೆ ಹಿಡಿದಳು. ಹಗಲಿನಲ್ಲಿ ಮಾಸಲು ಚುಕ್ಕೆಗಳಾಗಿದ್ದವು ಹಸಿರುಹಳದಿಯಾಗಿ ಉರಿಯತೊಡಗಿದವು. ಮಣ್ಣಿನಿಂದ ಕಬ್ಬಿಣ ಹಿಡಿಯಲು ಅದು ಹೊರಬಿಡುವ ವಸ್ತುವಿನ ಹೊಳಪು ಅದು. ನಾನು ನೋಡುತ್ತಲೇ ನಿಂತೆ. ನನ್ನ ಸಸಿಚೀಲಗಳಲ್ಲಿ ಇದರ ಬಂಧುಬಳಗ ಎಷ್ಟಿದೆಯೋ, ಎಂದಾದರೂ ಯಾರಾದರೂ ಇಂಥ ದೀಪ ಹಿಡಿದಿದ್ದಾರೆಯೇ!

“ಶಿಲೀಂಧ್ರಕ್ಕೆ ಇದು ಏನು ಕೊಡುತ್ತದೆ?” ಎಂದೆ.

“ಒಂದು ಗೊತ್ತಿರುವುದು ಥಯಾಮಿನ್, ಅಂದರೆ ಬಿ1 ಜೀವಸತ್ವ. ಶಿಲೀಂಧ್ರದ ಎಳೆಯಲ್ಲಿ ಟ್ರೆಹಲೋಸ್ ಎಂಬ ಸಕ್ಕರೆ ಇರುತ್ತದೆ. ಬ್ಯಾಕ್ಟೀರಿಯಾ ಅದರ ಕಡೆಗೆ ಈಜಿ ಬರುತ್ತದೆ, ತಿಂದು ಬದುಕುತ್ತದೆ, ಥಯಾಮಿನ್ ಬಿಟ್ಟುಕೊಡುತ್ತದೆ. 2010ರಲ್ಲಿ ಇಲ್ಲಿನವರೇ ತೋರಿಸಿದರು. ಬ್ಯಾಕ್ಟೀರಿಯಾ ಹತ್ತಿರವಿದ್ದರೆ ಶಿಲೀಂಧ್ರದ ಎಳೆ ಬೇಗ ಹರಡುತ್ತದೆ, ಹೆಚ್ಚು ಕವಲೊಡೆಯುತ್ತದೆ. ಕವಲು ಹೆಚ್ಚಾದಷ್ಟೂ ಬೇರನ್ನು ಮುಟ್ಟುವ ಅವಕಾಶ ಹೆಚ್ಚು.”

ಇನ್ನೊಂದು ವಿಷಯವೂ ಇದೆ. ರೋಗ ತರುವ ಹಲವು ಬ್ಯಾಕ್ಟೀರಿಯಾಗಳು ಗಿಡದ ಕೋಶಕ್ಕೆ ತಮ್ಮ ಪ್ರೋಟೀನನ್ನು ಚುಚ್ಚಲು ಸೂಜಿಯಂಥ ಒಂದು ವ್ಯವಸ್ಥೆ ಇಟ್ಟುಕೊಂಡಿರುತ್ತವೆ. ಬಿಬಿಸಿ6ರಿಂದ ಬಂದ ತಳಿಯಲ್ಲಿಯೂ ಅದಿದೆ. ಅದನ್ನು ಕೆಡಿಸಿದರೆ ನೆರವೂ ಕುಗ್ಗುತ್ತದೆ. ಕೊಲ್ಲುವುದಕ್ಕೂ ಕೂಡಿಸುವುದಕ್ಕೂ ಒಂದೇ ಸಲಕರಣೆ ಎಂದರೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ನನ್ನಂಥವರಿಗೆ ಬೇಕಾದ ಮಾತು ಪ್ರಮಾಣದ್ದು. ಎರಡು ಅರಣ್ಯ ನರ್ಸರಿಗಳಲ್ಲಿ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಬ್ಯಾಕ್ಟೀರಿಯಾ ಹೆಚ್ಚು ಹಾಕಿದ್ದಕ್ಕಿಂತ ಕಡಿಮೆ ಹಾಕಿದ ಕಡೆಯೇ ಫಲ ಚೆನ್ನಾಗಿ ಬಂತು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹನಿಯಷ್ಟಿದ್ದರೆ ಗಟ್ಟಿಮೊಸರು, ಸುರಿದರೆ ಹುಳಿ. ಅಷ್ಟೇ ಅಲ್ಲ, ಹಾಕಿದ ಬ್ಯಾಕ್ಟೀರಿಯಾ ಆ ನರ್ಸರಿ ಮಣ್ಣಿನಲ್ಲಿ ಬಹಳ ಕಾಲ ಉಳಿಯುವುದೂ ಇಲ್ಲ. ಕೆಲವು ತಿಂಗಳಲ್ಲಿ ಹುಡುಕಿದರೂ ಸಿಗದಷ್ಟು ಇಳಿಯುತ್ತದೆ, ಆದರೆ ಮೊದಲ ದಿನಗಳಲ್ಲಿ ಮಾಡಿದ ಉಪಕಾರ ಬೇರಿನಲ್ಲಿ ಉಳಿದಿರುತ್ತದೆ. ಜೈವಿಕ ಗೊಬ್ಬರ ಎಂದು ಲೀಟರುಗಟ್ಟಲೆ ಸುರಿಯಲು ಹೇಳುವವರು ಇದನ್ನು ಓದಬೇಕು. ಒಂದು ಬ್ಯಾಕ್ಟೀರಿಯಾ ಎಲ್ಲ ಶಿಲೀಂಧ್ರಕ್ಕೂ ಒದಗುವುದಿಲ್ಲ ಎಂಬುದನ್ನೂ ಅವರು ಅರಿಯಬೇಕು. ಲಕೇರಿಯಾಕ್ಕೆ ನೆರವಾದವು ಬೇರೆ ಕೆಲವು ಶಿಲೀಂಧ್ರಗಳನ್ನು ತಡೆದವು. ಆಯ್ಕೆ ಇದೆ, ಪಕ್ಷಪಾತವಿದೆ. ಬಾಟಲಿಯ ಮೇಲೆ ‘ಎಲ್ಲ ಬೆಳೆಗಳಿಗೂ’ ಎಂದು ಬರೆಯುವುದು ಈ ಜೀವಿಗಳ ಸ್ವಭಾವಕ್ಕೇ ಒಗ್ಗದ ಮಾತು.

ಗುರುವಾರ, ವೋಜ್ ಬೆಟ್ಟಗಳು

ಮಳೆ ಬಿಟ್ಟಿತು. ಜೆರಾರ್ಮೆರ್ ಕೆರೆಯ ದಂಡೆಯಲ್ಲಿ ಕಾಡಿನ ನೀಲಿಹಣ್ಣಿನ ಟಾರ್ಟ್ ತಿಂದು, ಶ್ಲುಕ್ತ್ ಕಣಿವೆದಾರಿ ಹತ್ತಿ ಹೋನೆಕ್ ಕಡೆ ಹೋದೆವು. ಹೋನೆಕ್‌ನ ಎತ್ತರ 1363 ಮೀಟರ್. ತುದಿಯ ಹತ್ತಿರ ಬೀಚ್ ಮರಗಳು ಗಾಳಿಗೆ ಬಾಗಿ ಕುಳ್ಳಾಗಿವೆ. ಅದರಾಚೆ ಬರೀ ಹುಲ್ಲು. ಕುದುರೆಮುಖದ ಶೋಲಾ ಅಂಚಿನಲ್ಲಿ ನಿಂತು ನೋಡಿದವರಿಗೆ ಈ ಅಂಚು ಅಪರಿಚಿತವೆನಿಸುವುದಿಲ್ಲ.

ಇಳಿಯುವಾಗ ಸ್ಪ್ರೂಸ್ ತೋಪುಗಳು ನಿಂತಲ್ಲೇ ಬೂದುಬಣ್ಣಕ್ಕೆ ತಿರುಗಿದ್ದವು. 2018ರಿಂದೀಚೆಗೆ ಬೇಸಗೆ ಬರ ಬಿದ್ದು, ಸೊರಗಿದ ಮರಗಳಿಗೆ ತೊಗಟೆಹುಳು ಹತ್ತಿ, ಪೂರ್ವ ಫ್ರಾನ್ಸಿನ ಬೆಟ್ಟಗಳಲ್ಲೆಲ್ಲ ಇದೇ ಕಥೆ. ಅದಕ್ಕೂ ಮೊದಲು, 1999ರ ಡಿಸೆಂಬರ್ 26ರ ಲೋಥಾರ್ ಬಿರುಗಾಳಿ ಲೊರೇನ್ ಕಾಡುಗಳನ್ನು ನೆಲಕ್ಕೆ ಕೆಡವಿತ್ತು. ಸತ್ತ ಮರ ಕಡಿದು ಸಾಗಿಸಿ ಹೊಸ ಸಸಿ ನೆಡುವುದು ನಡೆದೇ ಇದೆ. ಸತ್ತ ಮರದ ಜೊತೆಗೆ ಬೇರಿನ ಬೂಷ್ಟೂ ಉಪವಾಸ ಬೀಳುತ್ತದೆ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ರಸ್ತೆಬದಿಯ ಗ್ರಾನೈಟ್ ಬಂಡೆಯ ಮೇಲೆ ಕುಳಿತಾಗ ಹುಡುಗಿ ಇನ್ನೊಂದು ಸಂಗತಿ ಹೇಳಿದಳು. ಬುರ್ಗುಂಡಿಯ ಮೋರ್ವಾನ್ ಬೆಟ್ಟಗಳಲ್ಲಿ ಬ್ರೆಯ್ ಎಂಬ ಕಾಡಿದೆ. ಅಲ್ಲಿಯೂ ಗ್ರಾನೈಟ್, ಹುಳಿಮಣ್ಣು, ಪೋಷಕಾಂಶ ಕಡಿಮೆ. ಹಳೆಯ ಕಾಡಿನ ಒಂದು ಭಾಗ ತೆಗೆದು 1976ರಲ್ಲಿ ಬೇರೆ ಬೇರೆ ಜಾತಿಯ ಮರಗಳನ್ನು ಪಕ್ಕಪಕ್ಕದಲ್ಲಿ ನೆಟ್ಟು ಅಂದಿನಿಂದ ಗಮನಿಸುತ್ತಿದ್ದಾರೆ. ನಾನ್ಸಿಯ ಸಂಶೋಧಕರು ಅಲ್ಲಿನ ಓಕ್ ಬೇರಿನ ಶಿಲೀಂಧ್ರದ ಹೊದಿಕೆಯ ಸುತ್ತಲಿಂದಲೂ, ದೂರದ ಬರಿಮಣ್ಣಿನಿಂದಲೂ ಬ್ಯಾಕ್ಟೀರಿಯಾ ತೆಗೆದು, ಕಪ್ಪು ಅಭ್ರಕದ ಪುಡಿ ಕೊಟ್ಟು ಹೋಲಿಸಿ 2007ರಲ್ಲಿ ಪ್ರಕಟಿಸಿದರು. ಹೊದಿಕೆಯ ಸುತ್ತಲಿನವು ಕಲ್ಲನ್ನು ಕರಗಿಸಿ ಕಬ್ಬಿಣ ಬಿಡಿಸುವುದರಲ್ಲಿ ಹೆಚ್ಚು ಗಟ್ಟಿಗರು. ಅಂದರೆ ಮರ ಸಕ್ಕರೆ ಕೊಟ್ಟು ಶಿಲೀಂಧ್ರವನ್ನು ಸಾಕುತ್ತದೆ, ಶಿಲೀಂಧ್ರ ತನ್ನ ಸುತ್ತ ಕಲ್ಲು ಕರಗಿಸಬಲ್ಲವರನ್ನೇ ಆಯ್ದು ಕೂಡಿಸಿಕೊಳ್ಳುತ್ತದೆ. ಗೊಬ್ಬರ ಕಾಣದ ಕಾಡು ಸಾವಿರಾರು ವರ್ಷ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ತೃಪ್ತಿ ಕೊಡುವ ಉತ್ತರವನ್ನು ನಾನು ಕೇಳಿಲ್ಲ.

ಶುಕ್ರವಾರ, ರೈಲು

ನಾನ್ಸಿಯಿಂದ ಸ್ಟ್ರಾಸ್‌ಬರ್ಗ್, ರೈನ್ ನದಿ ದಾಟಿ ಜರ್ಮನಿಯ ಸ್ಟುಟ್‌ಗಾರ್ಟ್, ಅಲ್ಲಿಂದ ಸಣ್ಣ ರೈಲಿನಲ್ಲಿ ಟ್ಯೂಬಿಂಗೆನ್. ಹೇಳುವಂಥದ್ದು ಹೆಚ್ಚಿಲ್ಲ. ಸಂಜೆ ಕೋಟೆಯ ಗುಡ್ಡ ಹತ್ತಿದೆವು. ಅದರ ಹಳೆಯ ಅಡುಗೆಮನೆಯ ಪ್ರಯೋಗಾಲಯದಲ್ಲಿ 1869ರಲ್ಲಿ ಫ್ರೀಡ್ರಿಕ್ ಮೀಷರ್ ಈಗ ನಾವು ಡಿಎನ್ಎ ಎನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ.

ಶನಿವಾರ, ಶೋನ್‌ಬುಕ್

ಟ್ಯೂಬಿಂಗೆನ್‌ನ ಉತ್ತರಕ್ಕೆ ಶೋನ್‌ಬುಕ್ ಕಾಡು, ಅಂಚಿನಲ್ಲಿ ಬೇಬೆನ್‌ಹೌಸೆನ್ ಎಂಬ ಹಳೆಯ ಮಠ. ಸ್ಪ್ರೂಸ್ ಮತ್ತು ಬರ್ಚ್ ಮರಗಳ ನಡುವೆ ಕೆಂಪು ಟೋಪಿಯ ಮೇಲೆ ಬಿಳಿ ಹುರುಪಿನ ಅಮಾನಿಟಾ ಮಸ್ಕೇರಿಯಾ ಅಲ್ಲಲ್ಲಿ ಎದ್ದಿತ್ತು. ಮಕ್ಕಳ ಚಿತ್ರಪುಸ್ತಕದಲ್ಲೆಲ್ಲ ಇರುವ ಅಣಬೆ ಇದು, ವಿಷದ್ದು. ಎಳೆಯ ಒಂದನ್ನು ಹತ್ತಿರದಿಂದ ನೋಡಿದೆ. ಬಿಳಿ ಪೊರೆ ಇನ್ನೂ ಪೂರ್ತಿ ಹರಿದಿರಲಿಲ್ಲ. ಬಿರುಕುಗಳಲ್ಲಿ ಕೆಂಪು ಇಣುಕುತ್ತಿತ್ತು. ಟೋಪಿ ಅರಳಿದಂತೆ ಆ ಪೊರೆಯೇ ಚೂರುಚೂರಾಗಿ ಬಿಳಿ ಹುರುಪಾಗುತ್ತದೆ.

ಬುಡದ ಮಣ್ಣನ್ನು ಮೂಸಿದೆ. ಮುಂಗಾರಿನ ಮೊದಲ ಮಳೆಗೆ ನಮ್ಮ ಅಂಗಳದಿಂದ ಏಳುವ ವಾಸನೆಯೇ. ಎರಡರ ಹಿಂದೆಯೂ ಜಿಯೋಸ್ಮಿನ್ ಎಂಬ ವಸ್ತುವಿದೆ, ಅದನ್ನು ಮುಖ್ಯವಾಗಿ ಮಾಡುವುದು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳ ಬಳಗ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ರೂಡಿಗರ್ ಹಾಂಪ್ ಅವರ ತಂಡ ಕೆಲಸ ಮಾಡಿದ್ದು ಸ್ಪ್ರೂಸ್ ಬೇರುಗಳ ನೆರೆಯಿಂದ ಬಂದ ಇದೇ ಬಳಗದ ಎಸಿಎಚ್505 ಎಂಬ ತಳಿಯ ಮೇಲೆ. ಅದು ಆಕ್ಸೊಫ್ಯೂರಾನ್ ಎಂಬ ವಸ್ತು ಸ್ರವಿಸಿ ಅಮಾನಿಟಾದ ಎಳೆಗಳನ್ನು ಬೆಳೆಸುತ್ತದೆ. ಇನ್ನೊಂದು ಪ್ರತಿಜೀವಕ ವಸ್ತು ಸ್ರವಿಸಿ ಬೇರು ಕೊಳೆಸುವ ಶಿಲೀಂಧ್ರಗಳನ್ನು ಹತ್ತಿಕ್ಕುತ್ತದೆ.

ಇಷ್ಟಕ್ಕೇ ನಿಂತರೆ ಎಲ್ಲವೂ ಸುಖಾಂತ. ಆದರೆ 2007ರಲ್ಲಿ ಪ್ರಕಟವಾದ ಒಂದು ಕೆಲಸ ಬೇರೆ ಮುಖವನ್ನು ತೋರಿಸಿತು. ಈ ಬ್ಯಾಕ್ಟೀರಿಯಾ ಹತ್ತಿರವಿದ್ದಾಗ ಸ್ಪ್ರೂಸ್ ಸಸಿಯ ರಕ್ಷಣೆಯೇ ಸಡಿಲವಾಗುತ್ತದೆ. ಒಳ್ಳೆಯ ಶಿಲೀಂಧ್ರ ಒಳಬರಲು ಅದೇ ಅನುಕೂಲವಾಗಿರಬಹುದು. ಆದರೆ ಹೆಟೆರೊಬೇಸಿಡಿಯನ್ ಎಂಬ ಬೇರುಕೊಳೆ ಶಿಲೀಂಧ್ರದ ಒಂದು ತಳಿಗೆ ಆ ಪ್ರತಿಜೀವಕ ನಾಟುವುದಿಲ್ಲ. ತೆರೆದ ಬಾಗಿಲಿನಲ್ಲಿ ಅದೂ ನುಗ್ಗಿತು.

“ಹಾಗಾದರೆ ಇದು ನೆಂಟನೋ ಕಳ್ಳನೋ?” ಎಂದೆ.

“ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಹೋಗುತ್ತದೆ, ದೊಡ್ಡಮ್ಮ. ಅದಕ್ಕೇ ನಾನು ಒಂದನ್ನೇ ತೆಗೆದು ಹೊಗಳುವುದಿಲ್ಲ. ಒಂದು ಗ್ರಾಂ ಕಾಡುಮಣ್ಣಿನಲ್ಲಿ ಕೋಟಿಗಟ್ಟಲೆ ಇವೆ.”

ನನಗೆ ಈ ಉತ್ತರ ಬಲವಾಗಿ ಹಿಡಿಸಿತು. ಹಳೆಯ ಮರದ ಬುಡದ ಮಣ್ಣಿನಲ್ಲಿ ಇರುವುದು ಒಬ್ಬ ಉಪಕಾರಿಯಲ್ಲ, ಒಬ್ಬರನ್ನೊಬ್ಬರು ಹದ್ದುಬಸ್ತಿನಲ್ಲಿಟ್ಟಿರುವ ಒಂದು ಊರು. ಮರಗಳನ್ನು ಕಡಿದು, ಬುಲ್ಡೋಜರ್ ಓಡಿಸಿ, ಆ ಮೇಲೆ ಸಸಿ ನೆಟ್ಟು ‘ಪರ್ಯಾಯ ಅರಣ್ಯೀಕರಣ’ ಎಂದು ಲೆಕ್ಕ ತೋರಿಸುವಾಗ ಆ ಊರಿನ ಲೆಕ್ಕ ಯಾವ ಕಾಗದದಲ್ಲೂ ಇರುವುದಿಲ್ಲ. ಇದು ನನಗೆ ಸಿಟ್ಟು ತರಿಸುವ ವಿಷಯ, ಆ ಸಿಟ್ಟನ್ನು ಇಲ್ಲಿ ಬಚ್ಚಿಡುವುದಿಲ್ಲ.

ಭಾನುವಾರ, ನೆಕರ್ ದಂಡೆ

ಟ್ಯೂಬಿಂಗೆನ್ ಊರಿನ ನೆಕರ್ ಹೊಳೆಯಲ್ಲಿ ಉದ್ದ ಗಳು ಊರಿ ನಡೆಸುವ ದೋಣಿಗಳು. ನಾವು ದಂಡೆಯ ಬೆಂಚಿನ ಮೇಲೆ ನೋಟ್‌ಬುಕ್ ಬಿಚ್ಚಿಕೊಂಡು ಕುಳಿತೆವು. ಇಲ್ಲಿಂದ ಒಂದು ಚಿಟಿಕೆ ಮಣ್ಣನ್ನೂ ಊರಿಗೆ ಒಯ್ಯುವಂತಿಲ್ಲ, ಕಾನೂನು ಬಿಡುವುದಿಲ್ಲ. ಒಯ್ಯಲೂಬಾರದು. ಫರ್ ಮರದ ನೆರವಿನ ಬ್ಯಾಕ್ಟೀರಿಯಾ ಸಾಲುಧೂಪಕ್ಕೆ ಏನು ಮಾಡೀತು ಎಂಬ ಭರವಸೆ ಯಾರಿಗಿದೆ? ನಮ್ಮ ಮರದ ನೆರವಿನವರು ನಮ್ಮ ಮರದ ಬುಡದಲ್ಲೇ ಇದ್ದಾರೆ. ಒಯ್ಯಬೇಕಾದದ್ದು ಪರೀಕ್ಷೆ ಮಾಡುವ ಕ್ರಮವನ್ನು.

ಹುಡುಗಿ ನನಗೆ ಯೋಜನೆ ಬರೆದುಕೊಟ್ಟಳು. ಸಾಲುಧೂಪದ ಬೀಜ ಮಳೆ ಹಿಡಿಯುವ ಹೊತ್ತಿಗೆ ಉದುರುತ್ತದೆ, ಒಣಗಿಸಿ ಇಡಲು ಬರುವುದಿಲ್ಲ, ಆಯ್ದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಆದ್ದರಿಂದ ಮಣ್ಣು ಮೇ ತಿಂಗಳಲ್ಲೇ ಸಿದ್ಧವಿರಬೇಕು. ಒಂದು ಗುಂಪಿನ ಚೀಲಗಳಿಗೆ ನರ್ಸರಿಯ ಮಾಮೂಲಿ ಮಿಶ್ರಣ. ಇನ್ನೊಂದಕ್ಕೆ ತಾಯಿಮರದ ಬುಡದ ಹಸಿಮಣ್ಣು ಬೆರೆಸಿದ್ದು. ಮೂರನೆಯದಕ್ಕೆ ಅದೇ ಬುಡದ ಮಣ್ಣನ್ನು ಹಬೆಯಲ್ಲಿ ಬೇಯಿಸಿ ಬೆರೆಸಿದ್ದು. ಅಡಿಕೆ ಬೇಯಿಸುವ ಹಂಡೆಯ ಮೇಲೆ ಜಾಲರಿ ಇಟ್ಟು ನಾನೇ ಬೇಯಿಸಬಲ್ಲೆ. ಪೋಷಕಾಂಶ ಅಲ್ಲೇ ಇದ್ದು ಜೀವಿಗಳು ಮಾತ್ರ ಸತ್ತರೆ ಏನಾಗುತ್ತದೆ ಎಂದು ಅದರಿಂದ ತಿಳಿಯಬೇಕು. ನಾಲ್ಕನೆಯದಕ್ಕೆ ಬೇಯಿಸಿದ ಮಣ್ಣಿನ ಜೊತೆ ಪ್ರತಿ ಚೀಲಕ್ಕೆ ಒಂದೇ ಚಮಚ ಹಸಿಮಣ್ಣು. ನನಗೆ ಹೆಚ್ಚು ಕುತೂಹಲ ಈ ನಾಲ್ಕನೆಯದರ ಮೇಲೆ, ಏಕೆಂದರೆ ಒಂದು ಚಮಚ ಸಾಕೆಂದಾದರೆ ತಾಯಿಮರದ ಬುಡವನ್ನು ಕೆರೆದು ಬರಿದು ಮಾಡುವುದು ತಪ್ಪುತ್ತದೆ. ಶಿಲೀಂಧ್ರವನ್ನೂ ಬ್ಯಾಕ್ಟೀರಿಯಾವನ್ನೂ ಬೇರೆಬೇರೆ ಮಾಡಿ ನೋಡುವುದು ನನ್ನ ಕೈಯಲ್ಲಾಗದ ಕೆಲಸ. ಅದಕ್ಕೆ ನಮ್ಮ ಕಡೆಯ ಕಾಲೇಜಿನ ಪ್ರಯೋಗಾಲಯವನ್ನು ಕೇಳಬೇಕು.

ಚೀಲಗಳನ್ನು ಗುಂಪುಗುಂಪಾಗಿ ಜೋಡಿಸದೆ ನೆರಳಿನಲ್ಲಿ ನಾಲ್ಕೂ ಬಗೆಯವನ್ನು ಬೆರಕೆಯಾಗಿ ಇಡಬೇಕು, ಇಲ್ಲದಿದ್ದರೆ ನೆರಳಿನ ಗುಣವನ್ನು ಮಣ್ಣಿನ ಗುಣ ಎಂದುಕೊಳ್ಳುತ್ತೇವೆ ಎಂದಳು. ದೀಪಾವಳಿ ಕಳೆದ ಮೇಲೆ ಪ್ರತಿ ಗುಂಪಿನಿಂದ ಕೆಲವು ಸಸಿ ಕಿತ್ತು, ಬೇರು ತೊಳೆದು, ಹೊದಿಕೆ ಹಿಡಿದ ತುದಿಗಳೆಷ್ಟು, ಬರಿ ತುದಿಗಳೆಷ್ಟು ಎಂದು ಎಣಿಸಿ ಬರೆಯಬೇಕು. “ಪೆನ್ನಿನಲ್ಲಿ ಬರೆಯಬೇಡ, ದೊಡ್ಡಮ್ಮ. ನಿಮ್ಮ ಮಳೆಗೆ ಶಾಯಿ ನಿಲ್ಲುವುದಿಲ್ಲ. ಚೀಲದ ಗುರುತಿಗೆ ಸೀಸದಕಡ್ಡಿಯೇ ಸರಿ. ಎಣಿಸಿದ್ದನ್ನು ಅಂದಂದೇ ನನಗೆ ಕಳಿಸು, ಚೆನ್ನಾಗಿ ಬಂದ ಗುಂಪಿನದ್ದು ಮಾತ್ರ ಅಲ್ಲ, ಎಲ್ಲವನ್ನೂ.”